ಸ್ಲೈಡ್ ಫಿಲ್ಮಿನ ಹಳಹಳಿಕೆ: ಫಿಲ್ಮಿನ ಗುಣ ಯಾವುದು, ಕಾಲದ ಗುಣ ಯಾವುದು?

ಬಣ್ಣದ ಸ್ಲೈಡ್ ಫಿಲ್ಮಿನಲ್ಲಿ ಕೈ ಪಳಗಿಸಿಕೊಂಡ ತಲೆಮಾರಿನವರು ಛಾಯಾಗ್ರಹಣದ ಬಗ್ಗೆ ಮಾತಿಗೆ ಕೂತರೆ ಒಂದು ತೀರ್ಪು ತಪ್ಪದೆ ಹೊರಬರುತ್ತದೆ: ಸ್ಲೈಡಿನಲ್ಲಿದ್ದ ಬಣ್ಣ ಡಿಜಿಟಲ್‌ನಲ್ಲಿ ಇಲ್ಲ, ಸ್ಲೈಡಿನಲ್ಲಿದ್ದ ಪ್ರಾಮಾಣಿಕತೆಯೂ ಇಲ್ಲ. ಈಗ ಈ ಮಾತು ಹಿರಿಯರದ್ದಷ್ಟೇ ಆಗಿ ಉಳಿದಿಲ್ಲ. ಸ್ಲೈಡನ್ನು ಪರದೆಯ ಮೇಲೆ ಒಮ್ಮೆಯೂ ನೋಡದ ಇಪ್ಪತ್ತರ ಹರೆಯದವರೂ ಅದನ್ನೇ ಹೇಳುತ್ತಾರೆ, ಹಳೆಯ ಕ್ಯಾಮೆರಾ ಹುಡುಕಿ ಕೊಳ್ಳುತ್ತಾರೆ, ದುಬಾರಿ ಬೆಲೆ ತೆತ್ತು ರೋಲು ತರಿಸುತ್ತಾರೆ. ಕೊಡ್ಯಾಕ್ ಕಂಪನಿ 2012ರಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿದ್ದ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮನ್ನು 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಈ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಅದಕ್ಕೆ ಕೊಡುವ ಕಾರಣಗಳ ಬಗ್ಗೆ. ಕಾರಣಗಳು ಒಂದರೊಳಗೊಂದು ತೊಡಕಿಕೊಂಡಿವೆ. ಆ ತೊಡಕಿನಿಂದಾಗಿ ನಾವು ಉಳಿಸಿಕೊಳ್ಳಬೇಕಾದದ್ದನ್ನು ಬಿಟ್ಟು ಉಳಿಸಬೇಕಿಲ್ಲದ್ದನ್ನು ಹಿಡಿದು ಕೂತಿದ್ದೇವೆ.

ಮೊದಲಿಗೆ ವಸ್ತು ಏನೆಂದು ಸ್ಪಷ್ಟವಾಗಲಿ. ಮದುವೆ ಮನೆಯ ಆಲ್ಬಮ್ಮಿಗೆ ಬಳಕೆಯಾಗುತ್ತಿದ್ದದ್ದು ನೆಗೆಟಿವ್ ಫಿಲ್ಮ್. ಅದರಲ್ಲಿ ಬಣ್ಣಗಳು ತಲೆಕೆಳಗಾಗಿ ಮೂಡುತ್ತವೆ, ಕಾಗದಕ್ಕೆ ಇಳಿಸಿದ ಮೇಲಷ್ಟೇ ಚಿತ್ರವಾಗುತ್ತವೆ. ಸ್ಲೈಡ್ ಫಿಲ್ಮಿನಲ್ಲಿ ಹಾಗಲ್ಲ. ಮೊದಲ ಡೆವಲಪರ್ ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಕಪ್ಪಾಗಿಸುತ್ತದೆ. ಉಳಿದ ಲವಣವನ್ನು ಎರಡನೆಯ ಹಂತದಲ್ಲಿ ಡೆವಲಪ್ ಮಾಡುವಾಗ ಅದರ ಜೊತೆಗೇ ವರ್ಣಗಳು ಹುಟ್ಟುತ್ತವೆ. ಕೊನೆಗೆ ಬೆಳ್ಳಿಯನ್ನೆಲ್ಲ ತೊಳೆದು ತೆಗೆದರೆ ಬರಿಯ ಬಣ್ಣದ ನೇರ ಚಿತ್ರ ಉಳಿಯುತ್ತದೆ. ಎರಡಿಂಚು ಚೌಕದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿನೊಳಗೆ ಕೂತಿರುವುದು ಕ್ಯಾಮೆರಾದೊಳಗೆ ಲೆನ್ಸಿನ ಹಿಂದೆ ಇದ್ದ ಅದೇ ತುಣುಕು. ಇದನ್ನು ನೆನಪಿಡಬೇಕು, ಸ್ಲೈಡಿನ ಪರವಾಗಿ ಕೊನೆಗೂ ನಿಲ್ಲುವ ವಾದ ಇದೊಂದರಿಂದಲೇ ಹುಟ್ಟುತ್ತದೆ.

ಹಳಹಳಿಕೆಯವರ ಪಕ್ಷವನ್ನು ಅದರ ಅತ್ಯುತ್ತಮ ರೂಪದಲ್ಲಿ ಹೀಗೆ ಇಡಬಹುದು.

1. ಸ್ಲೈಡಿನ ಬಣ್ಣ ಆಳವಾದದ್ದು, ನಿಜವಾದದ್ದು; ಡಿಜಿಟಲ್ ಬಣ್ಣ ಲೆಕ್ಕ ಹಾಕಿ ತೆಗೆದದ್ದು.

2. ಸ್ಲೈಡನ್ನು ತಿದ್ದಲು ಬರುತ್ತಿರಲಿಲ್ಲ; ಆದ್ದರಿಂದ ಅದು ಸತ್ಯದ ಸಾಕ್ಷಿಯಾಗಿತ್ತು.

3. ರೋಲಿಗೆ 36 ಚಿತ್ರ, ಫಲಿತಾಂಶ ಕಾಣುವುದು ವಾರಗಳ ನಂತರ, ಎಕ್ಸ್‌ಪೋಷರ್ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ದುಪ್ಪಟ್ಟು) ತಪ್ಪಿದರೂ ಕೆಟ್ಟುಹೋಗುವ ಫಿಲ್ಮ್. ಈ ಬಿಗಿಯೇ ಛಾಯಾಗ್ರಾಹಕನನ್ನು ನೋಡುವಂತೆ, ಯೋಚಿಸುವಂತೆ ಮಾಡುತ್ತಿತ್ತು.

4. ಸ್ಲೈಡ್ ಕೈಗೆ ಸಿಗುವ ವಸ್ತು. ದಶಕಗಳ ಕಾಲ ಉಳಿಯುತ್ತದೆ. ಡಿಜಿಟಲ್ ಫೈಲ್ ಒಂದು ಡಿಸ್ಕ್ ಕೆಟ್ಟರೆ ಇಲ್ಲವಾಗುತ್ತದೆ.

ಇವುಗಳ ಹಿಂದೆ ತೂಕದ ಕೆಲಸವಿದೆ. ಲಿಯೊಪೋಲ್ಡ್ ಮ್ಯಾನಸ್ ಮತ್ತು ಲಿಯೊಪೋಲ್ಡ್ ಗೊಡೋವ್‌ಸ್ಕಿ ಎಂಬ ಇಬ್ಬರು ಸಂಗೀತಗಾರರು ಕಂಡುಹಿಡಿದು, 1935ರಲ್ಲಿ ಚಲನಚಿತ್ರಕ್ಕೂ ಮರುವರ್ಷ ಸ್ಥಿರಚಿತ್ರಕ್ಕೂ ಬಂದ ಕೊಡ್ಯಾಕ್‌ನ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಇಲ್ಲದಿದ್ದರೆ ಇಪ್ಪತ್ತನೆಯ ಶತಮಾನದ ಬಣ್ಣದ ಛಾಯಾಗ್ರಹಣ ಬೇರೆಯೇ ಆಗಿರುತ್ತಿತ್ತು. ಕಲೆಯೆಂದರೆ ಕಪ್ಪು-ಬಿಳುಪು ಎಂದು ಯುರೋಪು ಅಮೆರಿಕಗಳು ನಂಬಿದ್ದ ಕಾಲದಲ್ಲಿ, ಭಾರತವನ್ನು ಬಣ್ಣದಲ್ಲಲ್ಲದೆ ನೋಡಲಾಗದು ಎಂದು ಹಠ ಹಿಡಿದ ರಘುಬೀರ್ ಸಿಂಗ್ ನೆಚ್ಚಿದ್ದು ಇದೇ ಫಿಲ್ಮನ್ನು. ಅವರ ಗಂಗೆಯ, ರಾಜಸ್ಥಾನದ, ಅಂಬಾಸಿಡರ್ ಕಾರಿನ ಚಿತ್ರಗಳನ್ನು ನೋಡಿದವರು ಸ್ಲೈಡ್ ಫಿಲ್ಮಿನ ಬಗ್ಗೆ ಹಗುರಾಗಿ ಮಾತಾಡಲಾರರು. ನಾನೂ ಆಡುತ್ತಿಲ್ಲ. ಪ್ರಶ್ನೆ ಇಷ್ಟೇ: ಮೇಲಿನ ನಾಲ್ಕು ಮಾತುಗಳಲ್ಲಿ ಫಿಲ್ಮಿನ ಗುಣ ಎಷ್ಟು, ಅದನ್ನು ಬಳಸಿದ ಕಾಲ, ಮಾರುಕಟ್ಟೆ, ಮನುಷ್ಯರ ಗುಣ ಎಷ್ಟು?

ಬಣ್ಣದಿಂದ ಶುರು ಮಾಡೋಣ. ಸ್ಲೈಡಿನ ಬಣ್ಣ ಆಳವಾಗಿ ಕಾಣುತ್ತಿತ್ತು ಎಂಬುದು ಭ್ರಮೆಯಲ್ಲ, ಅದಕ್ಕೆ ಅಳತೆಯ ಆಧಾರವಿದೆ. ಕಾಗದದ ಮೇಲಿನ ಚಿತ್ರ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂತಿರುಗಿಸುತ್ತದೆ. ಅದರ ಅತಿ ಕಪ್ಪಿಗೂ ಅತಿ ಬಿಳುಪಿಗೂ ಇರುವ ಅಂತರ ಹೆಚ್ಚೆಂದರೆ ನೂರು ಪಟ್ಟಿನ ಆಸುಪಾಸು. ಸ್ಲೈಡಿನ ಮೂಲಕ ಬೆಳಕು ಹಾದು ಬರುತ್ತದೆ. ಅಲ್ಲಿ ಅದೇ ಅಂತರ ಸಾವಿರ ಪಟ್ಟನ್ನು ದಾಟುತ್ತದೆ. ಕತ್ತಲ ಕೋಣೆ, ದೊಡ್ಡ ಬಿಳಿ ಪರದೆ, ಬೇರೆಲ್ಲೂ ಬೆಳಕಿಲ್ಲ. ಕಣ್ಣಿಗೆ ಹೋಲಿಸಿ ನೋಡಲು ಬೇರೆ ಬಿಳುಪೇ ಇಲ್ಲ. ಬಣ್ಣ ಹೊತ್ತಿ ಉರಿಯದೆ ಇನ್ನೇನು ಮಾಡೀತು? ಆದರೆ ನೆನಪು ಇಲ್ಲಿ ಹೋಲಿಸುತ್ತಿರುವುದು ಏನನ್ನು ಏನಕ್ಕೆ ಎಂದು ಗಮನಿಸಬೇಕು. ಅಂದು ಸ್ಲೈಡಿನ ಎದುರಾಳಿ ಕಾಗದದ ಪ್ರಿಂಟು. ಆ ಹೋಲಿಕೆಯಲ್ಲಿ ಸ್ಲೈಡ್ ಗೆದ್ದದ್ದು ನ್ಯಾಯವೇ. ಇಂದಿನ ಹೋಲಿಕೆ, ಕತ್ತಲಲ್ಲಿ ಆರಡಿ ಅಗಲದ ಪರದೆಯ ಮೇಲೆ ನೋಡಿದ ಚಿತ್ರಕ್ಕೂ ಬಸ್ಸಿನ ಕಿಟಕಿಯ ಬಿಸಿಲಲ್ಲಿ ಅಂಗೈಯಗಲದ ಫೋನಿನಲ್ಲಿ ನೋಡಿದ ಚಿತ್ರಕ್ಕೂ ನಡುವಿನದು. ಇಲ್ಲಿ ಫಿಲ್ಮಿನ ಜೊತೆಗೆ ಗಾತ್ರ, ಕತ್ತಲು, ಗಮನ ಎಲ್ಲವೂ ಬದಲಾಗಿವೆ. ಒಳ್ಳೆಯ ಡಿಜಿಟಲ್ ಪ್ರೊಜೆಕ್ಟರಿನಲ್ಲಿ, ಅಷ್ಟೇ ಕತ್ತಲಲ್ಲಿ, ಅಷ್ಟೇ ಅಗಲದಲ್ಲಿ, ಒಂದೊಂದು ಚಿತ್ರಕ್ಕೂ ಅಷ್ಟೇ ಹೊತ್ತು ಕೊಟ್ಟು ನೋಡಿದ ಮೇಲೂ ವ್ಯತ್ಯಾಸ ಉಳಿದರೆ, ಉಳಿದಷ್ಟನ್ನು ಮಾತ್ರ ಫಿಲ್ಮಿನ ಖಾತೆಗೆ ಬರೆಯಬೇಕು.

ಸ್ಲೈಡಿನ ಬಣ್ಣ ನಿಜ ಎಂಬ ಮಾತಂತೂ ಒಂದು ಪ್ರಶ್ನೆಗೂ ನಿಲ್ಲುವುದಿಲ್ಲ. ಯಾವ ಸ್ಲೈಡಿನ ಬಣ್ಣ? ಒಂದೇ ಬೆಟ್ಟವನ್ನು ಕೊಡಾಕ್ರೋಮ್ ಒಂದು ಬಗೆಯಲ್ಲಿ ತೋರಿಸಿದರೆ ಎಕ್ಟಾಕ್ರೋಮ್ ಇನ್ನೊಂದು ಬಗೆಯಲ್ಲಿ ತೋರಿಸುತ್ತಿತ್ತು. 1990ರಲ್ಲಿ ಫ್ಯೂಜಿ ಕಂಪನಿ ತಂದ ವೆಲ್ವಿಯಾದಲ್ಲಿ ಹಸಿರು ಎಷ್ಟು ಗಾಢವಾಗಿ ಬರುತ್ತಿತ್ತೆಂದರೆ, ಮಳೆಗಾಲದ ಕಾಡನ್ನು ಕಣ್ಣಾರೆ ಕಂಡವರಿಗೂ ಆ ಹಸಿರು ಹೊಸದಾಗಿ ಕಾಣುತ್ತಿತ್ತು. ನಿಸರ್ಗ ಛಾಯಾಗ್ರಾಹಕರು ಅದಕ್ಕೆ ಮುಗಿಬಿದ್ದದ್ದು ಅದು ನಿಜಕ್ಕಿಂತ ಹೆಚ್ಚು ಕೊಡುತ್ತದೆ ಎಂಬ ಕಾರಣಕ್ಕೇ. ಅದೇ ಫಿಲ್ಮಿನಲ್ಲಿ ಮನುಷ್ಯರ ಮುಖ ತೆಗೆಯಲು ಅನುಭವಿಗಳು ಹಿಂಜರಿಯುತ್ತಿದ್ದರು, ಚರ್ಮ ಕೆಂಪಾಗುತ್ತಿತ್ತು. ಹಗಲಿಗೆಂದು ಹೊಂದಿಸಿದ ಫಿಲ್ಮು ಬಲ್ಬಿನ ಬೆಳಕಲ್ಲಿ ಕಿತ್ತಳೆ, ಟ್ಯೂಬ್‌ಲೈಟಿನಲ್ಲಿ ಹಸಿರು ತಿರುಗುತ್ತಿತ್ತು. ಕೆಲವು ನೀಲಿ ಹೂಗಳು ಸ್ಲೈಡಿನಲ್ಲಿ ಗುಲಾಬಿಯಾಗಿ ಬರುತ್ತಿದ್ದವು. ಕಣ್ಣು ಬಹುಪಾಲು ಗಮನಿಸದ ಕಡುಗೆಂಪಿನ ಅಂಚಿನ ಬೆಳಕನ್ನು ಆ ಹೂವಿನ ಎಸಳು ಪ್ರತಿಫಲಿಸುತ್ತದೆ, ಫಿಲ್ಮು ಅದನ್ನು ಹಿಡಿಯುತ್ತದೆ. ಅಜೆರೇಟಮ್ ಹೂವಿನ ಹೆಸರಿನಲ್ಲೇ ಈ ದೋಷ ಹೆಸರಾಗಿತ್ತು. ಇವು ಫಿಲ್ಮನ್ನು ಹೀಗಳೆಯಲು ಹೇಳುವ ಮಾತುಗಳಲ್ಲ. ಒಂದೊಂದು ಫಿಲ್ಮೂ ರಸಾಯನ ವಿಜ್ಞಾನಿಗಳು, ವ್ಯಾಪಾರಿಗಳು ಕೂಡಿ ಮಾಡಿದ ಆಯ್ಕೆ. ಯಾವ ಆಕಾಶ, ಯಾವ ಚರ್ಮ, ಯಾವ ಹುಲ್ಲು ಚೆನ್ನಾಗಿ ಕಾಣಬೇಕೆಂದು ಅವರು ಮೊದಲೇ ತೀರ್ಮಾನಿಸಿ ಡಬ್ಬಿಯಲ್ಲಿ ತುಂಬಿ ಕೊಟ್ಟಿದ್ದರು. ಇಂದು ಕ್ಯಾಮೆರಾದ ತಂತ್ರಾಂಶ ಅದೇ ಕೆಲಸ ಮಾಡಿದರೆ ಅದನ್ನು ಕೃತಕವೆನ್ನುತ್ತೇವೆ. ಎರಡೂ ಆಯ್ಕೆಗಳೇ, ಒಂದರ ಆಯ್ಕೆ ನಮ್ಮ ಕಣ್ಣಿಗೆ ರೂಢಿಯಾಗಿದೆ.

ಇಲ್ಲೊಂದು ಗಟ್ಟಿ ಆಕ್ಷೇಪ ಬರುತ್ತದೆ. ಸ್ಲೈಡಿನ ಮೂರು ಪದರಗಳು ಫಿಲ್ಮಿನ ಪ್ರತಿಯೊಂದು ಜಾಗದಲ್ಲೂ ನೀಲಿ, ಹಸಿರು, ಕೆಂಪು ಮೂರನ್ನೂ ಹಿಡಿಯುತ್ತಿದ್ದವು. ಹೆಚ್ಚಿನ ಡಿಜಿಟಲ್ ಸೆನ್ಸರುಗಳಲ್ಲಿ, ಕೊಡ್ಯಾಕ್‌ನವರೇ ಆದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ, ಒಂದು ಬಿಂದು ಒಂದೇ ಬಣ್ಣವನ್ನು ಅಳೆಯುತ್ತದೆ, ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳಿಂದ ಊಹಿಸಲಾಗುತ್ತದೆ. ಹಾಗಾದರೆ ಡಿಜಿಟಲ್ ಬಣ್ಣ ಅರೆವಾಸಿ ಕಲ್ಪನೆಯಲ್ಲವೇ? ಮಾತು ಸರಿ, ತೀರ್ಮಾನ ಸರಿಯಲ್ಲ. ಆ ಊಹೆ ಎಡವುವುದು ಬಟ್ಟೆಯ ನೇಯ್ಗೆಯಂಥ ಅತಿ ಸೂಕ್ಷ್ಮ ವಿವರಗಳಲ್ಲಿ. ಒಂದು ಸೀರೆಯ ಕೆಂಪು ಯಾವ ಕೆಂಪು ಎಂಬುದನ್ನು ಅದು ಕೆಡಿಸುವುದಿಲ್ಲ. ಫಿಲ್ಮೂ ಸೆನ್ಸರೂ ಬೆಳಕಿನ ಅಲೆಗಳನ್ನು ಬೇರೆಬೇರೆ ಕಡೆ ಕತ್ತರಿಸಿ ಮೂರು ಪಾಲು ಮಾಡುತ್ತವೆ ಎಂಬುದು ಇದಕ್ಕಿಂತ ಮುಖ್ಯವಾದ ವ್ಯತ್ಯಾಸ. ಹಾಗಾಗಿ ಒಂದರ ಬಣ್ಣವನ್ನು ಇನ್ನೊಂದರಿಂದ ಪೂರ್ತಿಯಾಗಿ ಹುಟ್ಟಿಸಲು ಆಗದು, ಕೊಡಾಕ್ರೋಮ್ ಹೆಸರಿನ ಯಾವ ಫಿಲ್ಟರೂ ಕೊಡಾಕ್ರೋಮ್ ಅಲ್ಲ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬೇರೆ ಎನ್ನುವುದರಿಂದ ಮೇಲು ಎನ್ನುವುದಕ್ಕೆ ಜಿಗಿಯಲು ನಡುವೆ ಇನ್ನೊಂದು ಮೆಟ್ಟಿಲು ಬೇಕು. ಅದನ್ನು ಇದುವರೆಗೆ ಯಾರೂ ಕಟ್ಟಿಕೊಟ್ಟಿಲ್ಲ.

ಈ ಬಣ್ಣದ ವಾದದ ಬುಡದಲ್ಲೇ ಇನ್ನೊಂದು ಇಕ್ಕಟ್ಟಿದೆ. ಇಂದು ಸ್ಲೈಡ್ ಬಣ್ಣವನ್ನು ಹೊಗಳುವ ಬಹುಪಾಲು ಜನ ಅದನ್ನು ನೋಡಿರುವುದು ಎಲ್ಲಿ? ಸ್ಕ್ಯಾನ್ ಮಾಡಿ ಪರದೆಗೆ ಏರಿಸಿದ ಚಿತ್ರಗಳಲ್ಲಿ. ಸ್ಕ್ಯಾನರ್ ಎಂದರೆ ಸ್ಲೈಡನ್ನು ನೋಡುವ ಒಂದು ಡಿಜಿಟಲ್ ಕ್ಯಾಮೆರಾ. ಹಾಗಾದರೆ ಎರಡರಲ್ಲೊಂದು ನಿಜವಾಗಬೇಕು. ಸ್ಲೈಡಿನ ಸೊಗಸು ಸ್ಕ್ಯಾನಿನಲ್ಲಿ ಉಳಿದುಬರುತ್ತದೆ ಎಂದಾದರೆ, ಆ ಸೊಗಸನ್ನು ಸಂಖ್ಯೆಗಳಲ್ಲಿ ಹಿಡಿದಿಡಲು ಬರುತ್ತದೆ ಎಂದಾಯಿತು. ಡಿಜಿಟಲ್‌ಗೆ ಆ ಬಣ್ಣ ತೋರಿಸುವ ಶಕ್ತಿಯೇ ಇಲ್ಲ ಎಂಬ ಮಾತು ಬಿದ್ದುಹೋಯಿತು. ಉಳಿದುಬರುವುದಿಲ್ಲ ಎಂದಾದರೆ, ಅವರು ಮೆಚ್ಚುತ್ತಿರುವುದು ಸ್ಲೈಡನ್ನೇ ಅಲ್ಲ. ಈ ಇಕ್ಕಟ್ಟು ಹೊಸದೂ ಅಲ್ಲ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮಕರಿ ಕೊಡಾಕ್ರೋಮ್ ಸ್ಲೈಡಿನಲ್ಲಿ ತೆಗೆದ ಹಸಿರುಗಣ್ಣಿನ ಆಫ್ಘನ್ ಹುಡುಗಿಯ ಚಿತ್ರವನ್ನು ಜಗತ್ತು ನೋಡಿದ್ದು 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ, ಅಚ್ಚಿನ ಶಾಯಿಯಲ್ಲಿ. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ವಿಲಿಯಂ ಎಗಲ್‌ಸ್ಟನ್ ಪ್ರದರ್ಶಿಸಿದ ಬಣ್ಣದ ಚಿತ್ರಗಳು ಸ್ಲೈಡಿನಿಂದ ಬಂದವೇ. ಆದರೆ ಗೋಡೆಯ ಮೇಲಿದ್ದದ್ದು ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ಬಣ್ಣವನ್ನು ಕೈಯಾರೆ ಹದಗೊಳಿಸಿ ತೆಗೆದ ಪ್ರಿಂಟುಗಳು. ಪತ್ರಿಕೆಗಳು ಬಣ್ಣದ ಮುಖಪುಟಕ್ಕೆ ಸ್ಲೈಡನ್ನೇ ಕೇಳುತ್ತಿದ್ದದ್ದು ಅದರಿಂದ ಅಚ್ಚಿಗೆ ಬಣ್ಣ ಬೇರ್ಪಡಿಸುವುದು ಸುಲಭವಾಗಿತ್ತೆಂದು. ಅಂದರೆ ನಾವು ಸ್ಲೈಡಿನ ಬಣ್ಣ ಎಂದು ಹಚ್ಚಿಕೊಂಡದ್ದರಲ್ಲಿ ಹೆಚ್ಚಿನದು, ಸ್ಲೈಡು ಹೊರಟ ಜಾಗದಿಂದ ಎರಡು ಮೂರು ಕೈ ದಾಟಿ ಬಂದದ್ದು.

ಎರಡನೆಯದು ಸತ್ಯದ ಮಾತು. ಇದರಲ್ಲಿ ಒಂದು ಗಟ್ಟಿ ಕಾಳು ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಸ್ಲೈಡ್ ಮೂಲವಸ್ತುವಾದ್ದರಿಂದ ಅದನ್ನು ಅಡಿಯಿಂದ ಬೆಳಕು ಬೀರುವ ಲೈಟ್ ಟೇಬಲ್ ಮೇಲಿಟ್ಟು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಪ್ರಿಂಟಿನಲ್ಲಿ ಮಾಡಬಹುದಾದ ಕೈಚಳಕ ಇಲ್ಲಿ ಕಷ್ಟ. ಸ್ಪರ್ಧೆಗಳಲ್ಲಿ, ಸಂಪಾದಕರ ಮೇಜಿನಲ್ಲಿ ಸ್ಲೈಡಿಗೆ ಇದ್ದ ಮರ್ಯಾದೆ ಇದರಿಂದ ಬಂದದ್ದು. ಆದರೆ ಮೂಲವನ್ನು ಪರೀಕ್ಷಿಸಬಹುದು ಎಂಬುದಕ್ಕೂ ಓದುಗನ ಕೈಸೇರಿದ ಚಿತ್ರ ಸತ್ಯ ಎಂಬುದಕ್ಕೂ ಸಂಬಂಧವಿಲ್ಲ. 1982ರ ಫೆಬ್ರವರಿಯಲ್ಲಿ, ಛಾಯಾಗ್ರಾಹಕರೆಲ್ಲ ಸ್ಲೈಡನ್ನೇ ನೆಚ್ಚಿದ್ದ ಕಾಲದಲ್ಲಿ, ನ್ಯಾಷನಲ್ ಜಿಯಾಗ್ರಫಿಕ್ ತನ್ನ ಮುಖಪುಟದ ಉದ್ದಚೌಕಕ್ಕೆ ಹೊಂದಲೆಂದು ಗೀಜಾದ ಪಿರಮಿಡ್ಡುಗಳನ್ನು ಕಂಪ್ಯೂಟರ್ ಸಹಾಯದಿಂದ ಹತ್ತಿರ ಸರಿಸಿತು, ದೊಡ್ಡ ವಿವಾದವಾಯಿತು. ಇನ್ನು ಸುಳ್ಳಿಗೆ ಕಂಪ್ಯೂಟರ್ ಬೇಕೇ ಬೇಕು ಎಂದೇನಿಲ್ಲ. 2009ರ ವನ್ಯಜೀವಿ ಛಾಯಾಗ್ರಾಹಕ ಪ್ರಶಸ್ತಿಯನ್ನು ಲಂಡನ್ನಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದವರು ಬೇಲಿಯ ಗೇಟು ಹಾರುವ ತೋಳದ ಚಿತ್ರವೊಂದಕ್ಕೆ ಕೊಟ್ಟು, ಮರುವರ್ಷ ಜನವರಿಯಲ್ಲಿ ಹಿಂಪಡೆದರು; ಆ ತೋಳ ಪಳಗಿಸಿದ್ದಿರಬೇಕು ಎಂಬುದು ತೀರ್ಪುಗಾರರ ನಿರ್ಣಯ. ಛಾಯಾಗ್ರಾಹಕರು ಆರೋಪವನ್ನು ನಿರಾಕರಿಸಿದರು. ಆ ಚಿತ್ರ ತೆಗೆದದ್ದು ಡಿಜಿಟಲ್ ಕ್ಯಾಮೆರಾದಲ್ಲಲ್ಲ, ಫಿಲ್ಮ್ ಹಾಕಿದ ಹ್ಯಾಸೆಲ್‌ಬ್ಲಾಡ್‌ನಲ್ಲಿ. ಫಿಲ್ಮನ್ನು ಎಷ್ಟು ಪರೀಕ್ಷಿಸಿದರೂ ಗೊತ್ತಾಗದ ಪ್ರಶ್ನೆ ಅದು; ಗೂಡಿನ ಮುಂದಿನ ಎಲೆ ಸವರಿ ಹಕ್ಕಿಯ ಚಿತ್ರ ತೆಗೆದವರ ಸ್ಲೈಡು ಕೂಡ ಅಷ್ಟೇ ನಿರ್ಮಲವಾಗಿ ಕಾಣುತ್ತದೆ. ಶಟರ್ ಒತ್ತುವ ಮೊದಲು ನಡೆಯುವ ಮೋಸಕ್ಕೆ ಯಾವ ಫಿಲ್ಮೂ ಕಾವಲಲ್ಲ. ಒತ್ತಿದ ನಂತರದ ಮೋಸಕ್ಕೆ ಇಂದು ರಾ ಫೈಲ್, ಅಂದರೆ ಸೆನ್ಸರ್ ದಾಖಲಿಸಿದ ತಿದ್ದದ ಮೂಲ ಫೈಲ್, ಅದೇ ಕಾವಲಿನ ಕೆಲಸ ಮಾಡುತ್ತದೆ; ದೊಡ್ಡ ಸ್ಪರ್ಧೆಗಳು ಕೊನೆಯ ಸುತ್ತಿನಲ್ಲಿ ಅದನ್ನು ಕೇಳುತ್ತವೆ. ಪ್ರಾಮಾಣಿಕತೆ ಮನುಷ್ಯರ ಗುಣ, ಅದನ್ನು ಕಾಯುವುದು ಸಂಸ್ಥೆಗಳ ನಿಯಮ. ರಾಸಾಯನಿಕಕ್ಕೆ ಅದನ್ನು ಒಪ್ಪಿಸಿ ನಾವು ನಿಶ್ಚಿಂತರಾಗಬಾರದು.

ಇದರ ಜೊತೆಗೇ ಸುಳಿಯುವ ಇನ್ನೊಂದು ನಂಬಿಕೆಯನ್ನು ಬೇಗ ಮುಗಿಸಬಹುದು: ಫಿಲ್ಮ್ ಎಂದರೆ ಕೈಕೆಲಸ, ಡಿಜಿಟಲ್ ಎಂದರೆ ಯಂತ್ರ ಎಂಬುದು. ಕಪ್ಪು-ಬಿಳುಪಿನ ಡಾರ್ಕ್‌ರೂಮಿಗೆ ಸಲ್ಲುವ ಈ ಮಾತನ್ನು ಸ್ಲೈಡಿಗೆ ತಂದು ಅಂಟಿಸಲಾಗಿದೆ. ಎಕ್ಟಾಕ್ರೋಮ್ ಬಗೆಯ ಫಿಲ್ಮನ್ನು ಕಷ್ಟಪಟ್ಟರೆ ಮನೆಯಲ್ಲಿ ತೊಳೆಯಬಹುದಿತ್ತು. ಕೊಡಾಕ್ರೋಮ್ ಅನ್ನು ತೊಳೆಯಲು ರಸಾಯನಜ್ಞರೂ ದೊಡ್ಡ ಯಂತ್ರವೂ ಬೇಕಿತ್ತು, ಏಕೆಂದರೆ ಅದರ ವರ್ಣಗಳು ಫಿಲ್ಮಿನೊಳಗೆ ಇರುತ್ತಿರಲಿಲ್ಲ, ತೊಳೆಯುವಾಗ ಒಂದೊಂದಾಗಿ ಸೇರಿಸಬೇಕಿತ್ತು. ಅಮೆರಿಕದಲ್ಲಿ 1954ರ ನ್ಯಾಯಾಲಯದ ಒಪ್ಪಂದದವರೆಗೆ ಸಂಸ್ಕರಣೆಯ ದುಡ್ಡನ್ನು ರೋಲಿನ ಬೆಲೆಯಲ್ಲೇ ಸೇರಿಸಿ ಕೊಡ್ಯಾಕ್ ಆ ಕೆಲಸವನ್ನು ತನ್ನಲ್ಲೇ ಇಟ್ಟುಕೊಂಡಿತ್ತು. 2009ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. 2010ರ ಕೊನೆಗೆ ಕಾನ್ಸಾಸ್‌ನ ಪಾರ್ಸನ್ಸ್ ಊರಿನ ಕೊನೆಯ ಲ್ಯಾಬೂ ರೋಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಂದಿನಿಂದ ಜಗತ್ತಿನಲ್ಲಿ ಯಾರ ಬಳಿ ಕೊಡಾಕ್ರೋಮ್ ಇದ್ದರೂ ಅದನ್ನು ಲ್ಯಾಬಿಗೆ ಕೊಟ್ಟು ಬಣ್ಣ ತೆಗೆಸುವ ದಾರಿ ಮುಚ್ಚಿತು. ಕಂಪನಿಯೊಂದರ ಮರ್ಜಿಗೆ ಛಾಯಾಗ್ರಾಹಕ ಇಷ್ಟು ಸಿಕ್ಕಿಬಿದ್ದ ಮಾಧ್ಯಮ ಅಪರೂಪ.

ಮೂರನೆಯ ಮಾತು, ಅಂದರೆ ಬಿಗಿಯಿಂದ ಬರುವ ಗಮನದ ಮಾತು, ಎಲ್ಲಕ್ಕಿಂತ ಗಂಭೀರವಾದದ್ದು. ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದೂ ಇಲ್ಲೇ. ಸ್ಲೈಡ್ ಫಿಲ್ಮು ಹಿಡಿಯಬಲ್ಲ ಬೆಳಕಿನ ಹರವು ಐದಾರು ಸ್ಟಾಪಿನಷ್ಟು. ಇಂದಿನ ಒಳ್ಳೆಯ ಸೆನ್ಸರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಬಿಳಿ ಮೋಡಕ್ಕೂ ಮರದಡಿಯ ನೆರಳಿಗೂ ಒಟ್ಟಿಗೆ ನ್ಯಾಯ ಸಲ್ಲಿಸಲಾಗದು, ಒಂದನ್ನು ಬಿಡಬೇಕು. ಯಾವುದನ್ನು ಬಿಡಬೇಕೆಂದು ಅಲ್ಲೇ, ಆಗಲೇ ನಿರ್ಧರಿಸಬೇಕು. ನಂತರ ತಿದ್ದುವ ಅವಕಾಶವಿಲ್ಲ. ಈ ತೀರ್ಮಾನದ ಭಾರ ಹೊತ್ತು ಕಲಿತವರು ಬೆಳಕನ್ನು ಓದುವ ರೀತಿಯೇ ಬೇರೆ. ಇದು ನಿಜ. ಆದರೆ ಈ ನಿಜದ ಮೇಲೆ ಕಟ್ಟಿರುವ ವಾದದಲ್ಲಿ ಎರಡು ದೋಷಗಳಿವೆ. ಮೊದಲನೆಯದು, ಉಳಿದ ಸ್ಲೈಡುಗಳನ್ನಷ್ಟೇ ನೋಡಿ ಎಲ್ಲ ಸ್ಲೈಡುಗಳ ಬಗ್ಗೆ ತೀರ್ಪು ಕೊಡುವುದು. ಲೈಟ್ ಟೇಬಲ್ಲಿನ ಪಕ್ಕದಲ್ಲೇ ಕಸದ ಬುಟ್ಟಿ ಇರುತ್ತಿತ್ತು. ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದವರು ಒಂದೇ ಲೇಖನಕ್ಕೆ ನೂರಾರು ರೋಲು ಸುಡುತ್ತಿದ್ದರು. ಒಂದೇ ದೃಶ್ಯವನ್ನು ಮೂರು ನಾಲ್ಕು ಎಕ್ಸ್‌ಪೋಷರ್‌ಗಳಲ್ಲಿ ತೆಗೆದು ಒಂದನ್ನು ಇಟ್ಟುಕೊಳ್ಳುವುದು ವೃತ್ತಿಯ ರೂಢಿಯಾಗಿತ್ತು. ಒಂದರ ಹಿಂದೊಂದು ಚಿತ್ರ ತೆಗೆಯುವ ಮೋಟರ್ ಡ್ರೈವ್ ಹುಟ್ಟಿದ್ದು ಫಿಲ್ಮ್ ಕಾಲದಲ್ಲಿ. 36 ಚಿತ್ರಗಳ ಬಿಗಿ ಅನುಭವಿಸಿದವರು ದುಡ್ಡಿಲ್ಲದ ಹವ್ಯಾಸಿಗಳು. ಇಂದು ನಮ್ಮೆದುರು ಸುರಿಯುವುದು ಆರಿಸದ ರಾಶಿ. ಅಂದಿನದೆಂದು ನಮ್ಮ ಕೈಗೆ ಬಂದದ್ದು ಆರಿಸಿದ ಕಾಳು. ಈ ಎರಡನ್ನು ತೂಗಿ ಹಳೆಯದು ಮೇಲು ಎನ್ನುವುದು ನ್ಯಾಯವಾದ ತೂಕವಲ್ಲ.

ಎರಡನೆಯ ದೋಷ ಇನ್ನೂ ಆಳದ್ದು. ಬಿಗಿ ಒಳ್ಳೆಯದು ಎಂದಾದರೆ ಆ ಬಿಗಿಯನ್ನು ಇಂದೂ ಹಾಕಿಕೊಳ್ಳಬಹುದಲ್ಲ? ಮೂವತ್ತಾರೇ ಚಿತ್ರ, ಹಿಂದಿನ ಪರದೆ ಬಂದ್, ತಿದ್ದುವಂತಿಲ್ಲ ಎಂದು ನಿಯಮ ಮಾಡಿಕೊಳ್ಳಬಹುದು. ಇದಕ್ಕೆ ಫಿಲ್ಮಿನ ಪಕ್ಷದವರು ಕೊಡುವ ಉತ್ತರ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ: ಯಾವಾಗ ಬೇಕಾದರೂ ಮುರಿಯಬಹುದಾದ ನಿಯಮ ನಿಯಮವೇ ಅಲ್ಲ, ಮೂವತ್ತೇಳನೆಯ ಚಿತ್ರ ಸಾಧ್ಯವೇ ಇಲ್ಲ ಎಂದು ಗೊತ್ತಿರುವವನ ಮನಸ್ಸಿಗೂ, ಬೇಡವೆಂದು ಬಿಟ್ಟಿರುವವನ ಮನಸ್ಸಿಗೂ ಅಂತರವಿದೆ. ಅಂತರವಿದೆ, ಒಪ್ಪಿದೆ. ಆದರೆ ಅದು ಉಪವಾಸಕ್ಕೂ ಬರಗಾಲಕ್ಕೂ ಇರುವ ಅಂತರ, ಮತ್ತು ಬರಗಾಲ ಮಿತಾಹಾರ ಕಲಿಸಿತೆಂದು ಅದನ್ನು ಯಾರೂ ಹಾರೈಸುವುದಿಲ್ಲ. ಆಮದು ನಿರ್ಬಂಧದ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಒಂದು ಸ್ಲೈಡ್ ರೋಲು ಸಿಗುವುದೇ ದುಸ್ತರವಾಗಿತ್ತು, ಸಿಕ್ಕರೂ ಬೆಲೆ ಎಟುಕುತ್ತಿರಲಿಲ್ಲ. ಆ ಬಿಗಿ ಕೆಲವರನ್ನು ಒಳ್ಳೆಯ ಛಾಯಾಗ್ರಾಹಕರನ್ನಾಗಿ ಮಾಡಿರಬಹುದು. ಎಷ್ಟೋ ಜನರನ್ನು ಛಾಯಾಗ್ರಾಹಕರೇ ಆಗದಂತೆ ಮಾಡಿತು. ಆಗ ಬಣ್ಣದ ಫಿಲ್ಮ್ ಕೊಳ್ಳಬಲ್ಲವರು ಯಾರು, ಅವರ ಕ್ಯಾಮೆರಾ ಯಾರ ಮನೆಯೊಳಗೆ ಹೋಯಿತು, ಯಾರ ಮನೆಯನ್ನು ಹೊರಗಿನಿಂದಷ್ಟೇ ನೋಡಿತು? ಇಂದು ಕೂಲಿ ಕೆಲಸಕ್ಕೆ ಹೋಗುವ ಹೆಂಗಸು ತನ್ನ ಊರ ಜಾತ್ರೆಯನ್ನು ತಾನೇ ತೆಗೆಯುತ್ತಾಳೆ. ಬಿಗಿಯನ್ನು ಹೊಗಳುವಾಗ ಆ ಬಿಗಿ ಯಾರನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು ಎಂಬುದನ್ನು ಮರೆಯುವುದು ನನಗೆ ಸಹಿಸಲಾಗದ ಮರೆವು. ಉಳಿದ ಮಾತು ಇಷ್ಟು: ಇಂದು ಯಾರಾದರೂ ಸ್ಲೈಡ್ ಫಿಲ್ಮ್ ಹಾಕಿ ಆ ಬಿಗಿಯನ್ನು ಬೇಕೆಂದೇ ಒಪ್ಪಿಕೊಂಡರೆ ಅದು ಅವರು ಹಿಡಿದ ವ್ರತ. ವ್ರತಕ್ಕೆ ಗೌರವ ಸಲ್ಲುತ್ತದೆ, ಆದರೆ ಗೌರವ ಹಿಡಿದವರಿಗೆ, ರೋಲಿಗಲ್ಲ.

ಕತ್ತಲ ಕೋಣೆಯಲ್ಲಿ ಎಲ್ಲರೂ ಕೂತು ನೋಡುವ ಸುಖವನ್ನೂ ಇದೇ ತಕ್ಕಡಿಯಲ್ಲಿ ಇಡಬೇಕು. 1961ರಲ್ಲಿ ಬಂದ ಕೊಡ್ಯಾಕ್ ಕೆರೂಸೆಲ್ ಪ್ರೊಜೆಕ್ಟರಿನ ದುಂಡು ತಟ್ಟೆಯಲ್ಲಿ 80 ಸ್ಲೈಡು ಹಿಡಿಯುತ್ತಿದ್ದವು. ಕ್ರಮ ಮೊದಲೇ ಗೊತ್ತು, ತೋರಿಸುವವರು ಪಕ್ಕದಲ್ಲೇ ನಿಂತು ಹೇಳುತ್ತಾರೆ, ನೋಡುವವರು ಬೆರಳಾಡಿಸಿ ಮುಂದೆ ಹೋಗುವಂತಿಲ್ಲ. ಛಾಯಾಗ್ರಹಣ ಸಂಘಗಳಲ್ಲಿ, ಕಾಲೇಜುಗಳಲ್ಲಿ ಎಷ್ಟೋ ಜನ ನೋಡಲು ಕಲಿತದ್ದು ಹೀಗೆ, ಒಬ್ಬರ ಚಿತ್ರದ ಬಗ್ಗೆ ಹತ್ತು ಜನ ಕತ್ತಲಲ್ಲಿ ವಾದಿಸುತ್ತ. ಇದನ್ನು ಕಳೆದುಕೊಂಡಿದ್ದೇವೆ, ಅದು ದೊಡ್ಡ ನಷ್ಟ. ಆದರೆ ಕಳೆದುಹೋದದ್ದು ಸೇರುವ ಅಭ್ಯಾಸ. ಅದನ್ನು ಮರಳಿ ತರಲು ಒಂದು ಸಂಜೆ, ಒಂದು ಪ್ರೊಜೆಕ್ಟರ್, ಬಾಯಿಬಿಟ್ಟು ಮಾತಾಡುವ ಗೆಳೆಯರು ಸಾಕು.

ನಾಲ್ಕನೆಯದು ಬಾಳಿಕೆ. ಇಲ್ಲಿ ಹಳಹಳಿಕೆ ವಾಸ್ತವಕ್ಕೆ ನೇರವಾಗಿ ತಿರುಗಿಬೀಳುತ್ತದೆ. ಬಣ್ಣದ ಫಿಲ್ಮುಗಳ ಬಾಳಿಕೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ 1993ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ ಹೆನ್ರಿ ವಿಲ್ಹೆಲ್ಮ್ ತೋರಿಸಿದಂತೆ, ಕತ್ತಲಲ್ಲಿಟ್ಟರೆ ಕೊಡಾಕ್ರೋಮ್‌ನಷ್ಟು ಬಾಳುವ ಸ್ಲೈಡ್ ಇನ್ನೊಂದಿಲ್ಲ. ಪ್ರೊಜೆಕ್ಟರಿನ ಬೆಳಕಿಗೆ ಒಡ್ಡಿದರೆ ಅದರಷ್ಟು ಬೇಗ ಮಾಸುವುದೂ ಇನ್ನೊಂದಿಲ್ಲ. ಆ ಬೆಳಕನ್ನು ಫ್ಯೂಜಿ ಕಂಪನಿಯ ಫ್ಯೂಜಿಕ್ರೋಮ್ ಹೆಚ್ಚು ತಾಳುತ್ತಿತ್ತು. ಹಳೆಯ ಎಕ್ಟಾಕ್ರೋಮ್‌ಗಳಲ್ಲಿ ಎಷ್ಟೋ ಈಗಾಗಲೇ ಬಣ್ಣ ಸೋರಿ ಕೆಂಪಗೆ ಉಳಿದಿವೆ. ಇವೆಲ್ಲ ಒಣ ಹವೆಯ ಲೆಕ್ಕ. ಫಿಲ್ಮಿನ ಜೆಲಟಿನ್ ಎಂದರೆ ಬೂಸ್ಟಿಗೆ ಔತಣ. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಅದು ಬೆಳೆಯತೊಡಗುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತಿಂಗಳುಗಟ್ಟಲೆ ತೇವ ಅದಕ್ಕೂ ಮೇಲೇ ಇರುತ್ತದೆ. ಬೀರುವಿನಲ್ಲಿ ಸ್ಲೈಡ್ ಶಾಶ್ವತ ಎಂಬ ನಂಬಿಕೆಯೇ ಸ್ಲೈಡುಗಳ ದೊಡ್ಡ ಶತ್ರು. ಡಿಜಿಟಲ್ ಫೈಲ್ ಇದಕ್ಕಿಂತ ಭದ್ರ ಎಂದು ನಾನು ಹೇಳುತ್ತಿಲ್ಲ. ನೋಡಿಕೊಳ್ಳದಿದ್ದರೆ ಅದು ಇನ್ನೂ ಬೇಗ, ಒಂದು ಗುರುತೂ ಬಿಡದೆ ಹೋಗುತ್ತದೆ. ಆದರೆ ಅದನ್ನು ನಕಲಿಸಿದರೆ ನಕಲಿಗೂ ಮೂಲಕ್ಕೂ ಒಂದಿನಿತೂ ಅಂತರವಿಲ್ಲ, ಹತ್ತು ಕಡೆ ಇಡಬಹುದು. ಸ್ಲೈಡಿನಿಂದ ಸ್ಲೈಡಿಗೆ ತೆಗೆದ ನಕಲು ಪ್ರತಿ ಸಲವೂ ಏನನ್ನಾದರೂ ಕಳೆದುಕೊಳ್ಳುತ್ತದೆ.

ಇಷ್ಟು ಕಳೆದ ಮೇಲೆ ಸ್ಲೈಡಿನ ಪಾಲಿಗೆ ಉಳಿಯುವುದೇನು? ಒಂದು ಉಳಿಯುತ್ತದೆ, ಅದು ಸಣ್ಣದಲ್ಲ. ಆ ಎರಡಿಂಚು ಚೌಕಟ್ಟಿನೊಳಗಿನ ತುಣುಕು ಅಲ್ಲಿ ಇತ್ತು. ಎದುರಿಗಿದ್ದ ಮುಖದಿಂದ, ಮರದಿಂದ, ನೀರಿನಿಂದ ಬಂದ ಬೆಳಕು ಬಿದ್ದು ಬದಲಾದ ವಸ್ತು ಅದು, ಜಗತ್ತಿನಲ್ಲಿ ಅಂಥದ್ದು ಒಂದೇ. ನೆಗೆಟಿವ್ ಕೂಡ ಹಾಗೇ ಇತ್ತು, ಆದರೆ ಅದನ್ನು ಹಾಗೇ ನೋಡಿ ಗುರುತಿಸಲಾಗದು. ಸ್ಲೈಡನ್ನು ಕಿಟಕಿಯತ್ತ ಹಿಡಿದರೆ ಸಾಕು. ಸ್ಲೈಡಿನಲ್ಲಿ ಸಾಕ್ಷಿಯ ವಸ್ತು ಮತ್ತು ನೋಡುವ ಚಿತ್ರ ಎರಡೂ ಒಂದೇ. ಡಿಜಿಟಲ್‌ನಲ್ಲಿ ಇದಕ್ಕೆ ಸಮನಾದದ್ದಿಲ್ಲ, ಇರಲೂ ಸಾಧ್ಯವಿಲ್ಲ. ಆದರೆ ಈ ಗುಣವನ್ನು ಮೆಚ್ಚುವವರು ಅದರ ತಾರ್ಕಿಕ ಕೊನೆಯನ್ನೂ ಒಪ್ಪಬೇಕು. ಮೌಲ್ಯ ಇರುವುದು ಸ್ಲೈಡ್ ಎಂಬ ಮಾಧ್ಯಮದಲ್ಲಲ್ಲ, ಇಂತಿಂಥ ಸ್ಲೈಡಿನಲ್ಲಿ, ಅದು ಕಂಡದ್ದರಲ್ಲಿ. ಹಾಗಿದ್ದ ಮೇಲೆ ಹೊಸ ರೋಲು ಕೊಳ್ಳುವುದು ಸ್ಲೈಡಿಗೆ ಸಲ್ಲಿಸುವ ಗೌರವಗಳಲ್ಲಿ ಕಡೆಯದು. ತೆಗೆದಾಗಿರುವ ಸ್ಲೈಡುಗಳನ್ನು ಕಾಯುವುದು ಮೊದಲನೆಯದು.

ನಮ್ಮ ಹಳಹಳಿಕೆ ಮಾಡಿರುವ ನಿಜವಾದ ಹಾನಿ ಇಲ್ಲಿದೆ. ಫೋನಿನ ಚಿತ್ರಕ್ಕೆ ಕೊಡಾಕ್ರೋಮ್ ಬಣ್ಣ ಹಚ್ಚುವುದರಲ್ಲಿ ನಾವು ಮುಳುಗಿರುವಾಗ ನಿಜವಾದ ಸ್ಲೈಡುಗಳು ಬೀರುಗಳಲ್ಲಿ ಬೂಸ್ಟು ಹಿಡಿಯುತ್ತಿವೆ. ಬೆಂಗಳೂರು, ಮೈಸೂರುಗಳ ಹಿರಿಯ ವನ್ಯಜೀವಿ ಛಾಯಾಗ್ರಾಹಕರ ಮನೆಗಳಲ್ಲಿ, ಅಧ್ಯಾಪಕರ, ಎಂಜಿನಿಯರರ, ವಿದೇಶದಲ್ಲಿದ್ದು ಬಂದವರ ಮನೆಗಳಲ್ಲಿ ಇರುವ ಪೆಟ್ಟಿಗೆಗಳು ಈ ನಾಡಿನ ಅರ್ಧ ಶತಮಾನದ ಬಣ್ಣದ ದಾಖಲೆ. ಕಾಳಿ ನದಿಯ ಅಣೆಕಟ್ಟಿನಲ್ಲಿ ಮುಳುಗಿದ ಸೂಪಾ ಊರಿನ ಒಂದು ಬೀದಿ ಯಾರದಾದರೂ ಸ್ಲೈಡಿನಲ್ಲಿ ಬಣ್ಣ ಸಮೇತ ಉಳಿದಿದ್ದರೆ, ಅದರ ಮುಂದೆ ಫಿಲ್ಮಿನ ಹರಳು ಮೇಲೋ ಸೆನ್ಸರಿನ ಬಿಂದು ಮೇಲೋ ಎಂಬ ಚರ್ಚೆಗೆ ಯಾವ ಬೆಲೆಯೂ ಇಲ್ಲ. ಬತ್ತಿದ ಕೆರೆಗಳು, ಕೆಡವಿದ ಮನೆಗಳು, ಈಗ ಅಲ್ಲಿ ಕಾಣಿಸದ ಹಕ್ಕಿಗಳು, ಎಲ್ಲಕ್ಕೂ ಇದೇ ಮಾತು. ಸ್ಕ್ಯಾನ್ ಮಾಡಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಮ್ಯಾಕ್ರೊ ಲೆನ್ಸ್ ಹಾಕಿದ ಡಿಜಿಟಲ್ ಕ್ಯಾಮೆರಾ, ಒಂದು ಸಮನಾದ ಬಿಳಿ ಬೆಳಕಿನ ಫಲಕ ಇದ್ದರೆ ಕೆಲಸ ನಡೆಯುತ್ತದೆ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹಳೆಯ ಸಂಘಗಳು, ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು, ಜಿಲ್ಲಾ ಗ್ರಂಥಾಲಯಗಳು ಈ ಕೆಲಸಕ್ಕೆ ಕೈಹಾಕಬೇಕು. ಮೂಲ ಸ್ಲೈಡನ್ನು ಎಸೆಯಬಾರದು. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲಲ್ಲಿ, ತಂಪಿನಲ್ಲಿ ಇಡಬೇಕು.

ಬಣ್ಣಕ್ಕಿಂತ ಮೊದಲು ಅಳಿಯುವುದು ಚಿತ್ರದಲ್ಲಿರುವವರು ಯಾರು ಎಂಬ ತಿಳಿವಳಿಕೆ. ಅದು ಸ್ಲೈಡಿನಲ್ಲಿಲ್ಲ, ತೆಗೆದವರ ತಲೆಯಲ್ಲಿದೆ, ಮತ್ತು ತೆಗೆದವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದ್ದಾರೆ. ಸ್ಲೈಡಿನ ಚೌಕಟ್ಟಿನ ಮೇಲೆ ಬರೆಯಲು ಜಾಗವಿದೆ. ನಿಮ್ಮ ಮನೆಯಲ್ಲಿ ಅಂಥ ಪೆಟ್ಟಿಗೆಯೂ ಅಂಥ ಹಿರಿಯರೂ ಇದ್ದರೆ ಮುಂದಿನ ಮಳೆಗಾಲಕ್ಕೆ ಮೊದಲು ಅವರ ಪಕ್ಕ ಕೂತು ಊರು, ವರ್ಷ, ಜನರ ಹೆಸರು ಕೇಳಿ ಬರೆದಿಡಿ.